ಹೆಣ್ಣು ನೋಡಲು ಬಂದವರ ಹಾಜರಿ

ಶನಿವಾರ ಮಧ್ಯಾಹ್ನ ಟ್ರಸ್ಟಿನ ನಿರಂಜನ ನನ್ನ ತರಗತಿಗೆ ಬಂದು ತಲೆ ಎಣಿಸಿದ. ಪುಟ್ಟೇನಹಳ್ಳಿಯ ಮುಸ್ಲಿಂ ಹೆಂಗಸರಿಗೆ ನಾನು ಕನ್ನಡ ಓದಲು ಕಲಿಸುವ ಕೋಣೆ ಅದು. ಬಾಡಿಗೆ ಕಟ್ಟುವುದು ಟ್ರಸ್ಟು.

"ದ್ರೌಪದಮ್ಮನೋರೇ, ಆರೇ ಜನ. ಹತ್ತು ಇಲ್ದಿದ್ರೆ ಇವತ್ತಿಂದ್ಲೇ ಕ್ಲಾಸ್ ಬಂದ್."

"ಕೂತ್ಕೊಳ್ಳಪ್ಪ, ಬರ್ತಾರೆ!" ಎಂದು ಗದರಿ, ಪಕ್ಕದ ಬೀದಿಯ ಸಬೀರಾಳ ಮನೆಗೆ ಓಡಿದೆ. ಎಂದೂ ತಪ್ಪಿಸದವಳಿಗೆ ಇವತ್ತೇ ಏನು ಬಂತು ರೋಗ?

ಸಬೀರಾ ಬಾಗಿಲಿಗೆ ಕೈ ಅಡ್ಡ ಹಿಡಿದಳು. "ಅಕ್ಕಾ, ಮೆಲ್ಲಗೆ! ಮಗಳು ಶಗುಫ್ತಾನ ನೋಡೋಕೆ ಗಂಡಿನ ಕಡೆಯೋರು ಬಂದಿದಾರೆ. ನೆಂಟ್ರನ್ನ ಬಿಟ್ಟು ಹೆಂಗ್ ಬರ್ಲಿ?"

ಒಳಗೆ ಇಣುಕಿದೆ. ಗಂಡು ಜೀಷಾನ್, ಅವನ ತಾಯಿ, ಸೋದರಮಾವ ವಹಾಬ್ ಸಾಹೇಬರು. ಮೂವರು. ಸಬೀರಾಳನ್ನು ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ.

"ಬಿಟ್ಟು ಯಾಕ್ ಬರ್ತೀಯ? ಕರ್ಕೊಂಡ್ ಬಾ," ಎಂದವಳೇ ಟೀಪಾಯಿ ಮೇಲಿದ್ದ ಸಮೋಸದ ತಟ್ಟೆ ಎತ್ತಿಕೊಂಡು ಹೊರಟೆ. ವಹಾಬ್ ಸಾಹೇಬರು ಇನ್ನೂ ಒಂದನ್ನೂ ಮುಟ್ಟಿರಲಿಲ್ಲ. ಮೊದಲು ಎದ್ದವರು ಅವರೇ. ಅವರ ಹಿಂದೆ ಉಳಿದವರು, ಕೊನೆಗೆ ಟೀ ಫ್ಲಾಸ್ಕ್ ಹಿಡಿದ ಮದುಮಗಳು.

ನಿರಂಜನ ಹುಬ್ಬು ಗಂಟಿಕ್ಕಿದ. "ಇವ್ರು ಕಲಿಯೋಕ್ ಬಂದೋರಾ, ತಿನ್ನೋಕ್ ಬಂದೋರಾ?"

"ಕಲಿಯೋಕೆ!" ಎಂದೆ.

"ನೀವು ಓದಿ ನೋಡೋಣ," ಎಂದು ಜೀಷಾನನಿಗೆ ಕರಿಹಲಗೆ ತೋರಿಸಿದ. 'ಕೆರೆ ತುಂಬಿದೆ' ಎಂದು ಬರೆದಿದ್ದೆ. ಹೆಬ್ಬಾಳದಲ್ಲಿ ಟೈರ್ ಅಂಗಡಿ ಇಟ್ಟಿರುವ ಹುಡುಗ ಬೆವೆತುಹೋದ.

"ನಾನು ಉರ್ದು ಸ್ಕೂಲು ಸಾರ್. ಮಾತಾಡು ಅನ್ನಿ, ಸಾಯಂಕಾಲದವರ್ಗೂ ಮಾತಾಡ್ತೀನಿ."

"ನಿಮ್ಮ ಅಂಗಡಿ ಬೋರ್ಡು ಕನ್ನಡದಲ್ಲೇ ಇದೆಯಲ್ರೀ?" ಶಗುಫ್ತಾ ಅವನೊಡನೆ ಆಡಿದ ಮೊದಲ ಮಾತು ಅದು.

"ಬರೆಸಿದೀನಿ. ಓದಿಲ್ಲ."

ಅವಳು ಫ್ಲಾಸ್ಕ್ ಕೆಳಗಿಟ್ಟಳು. "ಅಮ್ಮಿ, ಇವ್ರು ಮೊದ್ಲು ಓದೋದ್ ಕಲೀಲಿ. ಮದುವೆ ಮಾತು ಆಮೇಲೆ."

ಗಂಡಿನ ತಾಯಿ ಸಿಡಿದೆದ್ದರು. "ನನ್ ಮಗ ಇಷ್ಟು ಹೆಂಗಸ್ರ ಮಧ್ಯೆ ಒಬ್ನೇ ಕೂತ್ಕೋಬೇಕಾ? ನಾನೂ ಬರ್ತೀನಿ! ವಹಾಬ್, ನೀನೂ ಬರ್ಬೇಕು!"

"ದಿನಾ ಸಮೋಸ ಇರತ್ತಾ?" ವಹಾಬ್ ಸಾಹೇಬರ ಬಾಯಿ ಆಗಲೇ ತುಂಬಿತ್ತು.

"ಇರತ್ತೆ ಭಾಯ್," ಎಂದಳು ಸಬೀರಾ.

ಓದು ಬರುವ ಶಗುಫ್ತಾಳನ್ನು ಬಿಟ್ಟು ನಿರಂಜನ ಮತ್ತೆ ಎಣಿಸಿದ. ಹತ್ತು. "ಸರಿ, ಮಾರ್ಚ್‌ವರ್ಗೂ ಬಾಡಿಗೆ ಕೊಡ್ತೀವಿ. ಆದ್ರೆ ಮಧ್ಯದಲ್ಲಿ ಒಬ್ರು ಬಿಟ್ಟೋದ್ರೂ ಬಾಗಿಲು ಹಾಕ್ತೀವಿ."

"ಟೀಚರ್, ಓದೋದ್ ಕಲಿಯೋಕೆ ಎಷ್ಟ್ ದಿನ ಬೇಕಾಗತ್ತೆ?" ಗಂಡಿನ ತಾಯಿ ಕೇಳಿದರು.

"ಮಾರ್ಚ್‌ವರ್ಗೂ."

ಜೀಷಾನ್ ಶಗುಫ್ತಾಳ ಕಡೆ ಕಳ್ಳನೋಟ ಬೀರಿದ. "ಮಿಸ್, ನಾನು ಬೇಗ ಕಲಿತ್ಬಿಟ್ರೆ?"

"ಬಾಯ್ಮುಚ್ಕೊಂಡ್ ಕೂತ್ಕೋ. ಮಾರ್ಚ್‌ಗೆ ಮೊದ್ಲು ನೀನು ಕಲಿಯಲ್ಲ," ಎಂದು ಅವನ ಕೈಗೆ ಬಳಪ ಕೊಟ್ಟೆ.