ಬಂದು ಸೇರಿದ ದಾಖಲೆ

ನಾಗಮಂಗಲ, ಕೆ.ಆರ್.ಪೇಟೆ, ಪಾಂಡವಪುರದ ರಕ್ತ ಕೇಂದ್ರಗಳಲ್ಲಿ ಒಂದು ಕಡೆ ಬರೆದದ್ದು ಉಳಿದೆರಡು ಕಂಪ್ಯೂಟರಿಗೂ ತಾನಾಗಿಯೇ ನಕಲಾಗುತ್ತಿತ್ತು. ಆದರೆ ನಕಲು ಬಂದದ್ದು ಯಾರ ಗಮನಕ್ಕೂ ಬೀಳುತ್ತಿರಲಿಲ್ಲ. ಹೊಸ ದಾಖಲೆ ಸೇರಿದೊಡನೆ ಗಂಟೆ ಬಾರಿಸುವಂತೆ ಪಾಂಡವಪುರ ಕೇಂದ್ರದ ಸಿಬ್ಬಂದಿ ಕಹಕಶಾನ್ ಹಿಂದಿನ ವಾರವಷ್ಟೇ ಏರ್ಪಾಟು ಮಾಡಿದ್ದಳು.

ಆ ಬೆಳಿಗ್ಗೆ ಪಕ್ಕದ ಆಸ್ಪತ್ರೆಯಲ್ಲಿ ಹೆತ್ತು ವಿಪರೀತ ರಕ್ತ ಹೋಗಿದ್ದ ಚಿನಕುರಳಿಯ ಬಾಣಂತಿಯೊಬ್ಬಳಿಗೆ ಓ ನೆಗೆಟಿವ್ ರಕ್ತ ತುರ್ತಾಗಿ ಬೇಕಿತ್ತು. ಎಲ್ಲಿ ಕೇಳಿದರೂ ಇಲ್ಲ. ಅವಳ ಅತ್ತೆ ಪುಟ್ಟತಾಯಮ್ಮ ಕೇಂದ್ರದ ಬಾಗಿಲಲ್ಲೇ ಕುಸಿದು ಕುಳಿತಿದ್ದರು. ಕಹಕಶಾನ್ ಇನ್ನೊಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳುತ್ತಿದ್ದಳು. ಅಷ್ಟರಲ್ಲಿ ಕಂಪ್ಯೂಟರಿನ ಗಂಟೆ ಮೊಳಗಿತು. ನಾಗಮಂಗಲದಲ್ಲಿ ಪರೀಕ್ಷೆ ಮುಗಿದ ಎರಡು ಚೀಲ ಓ ನೆಗೆಟಿವ್ ಆಗತಾನೇ ದಾಖಲಾಗಿತ್ತು. ಅವಳು ತಕ್ಷಣ ಫೋನ್ ಮಾಡಿ ಅದನ್ನು ಕಾದಿರಿಸಿದಳು.

"ಅವ್ವಾ, ರಕ್ತ ಸಿಕ್ತು! ಜೀಪು ಅಲ್ಲಿಂದ ಒಂಟೈತೆ."

"ಸೊಸೆ ಉಳ್ಕೋತಾಳಾ, ಮಗಾ?"

"ಉಳ್ಕೋತಾರೆ, ಧೈರ್ಯವಾಗಿರಿ."

ರಕ್ತ ಏರಿಸಿದ ಮೇಲೆ, ಸಂಜೆ ಬಾಣಂತಿ ಕಣ್ಣು ತೆರೆದು ಮಗುವನ್ನು ಕೇಳಿದಳು. ಪುಟ್ಟತಾಯಮ್ಮ ಅಳುತ್ತಲೇ ನಕ್ಕು, ಕೂಸನ್ನು ಅವಳ ಮಗ್ಗುಲಿಗೆ ಮಲಗಿಸಿದರು.