ಇಫ್ತಾರಿನ ಹೊತ್ತಿನ ಒತ್ತಡ

ಶುಬ್ರಾ ಬಡಾವಣೆಯ ಹಾಜಿ ರಗಬ್ ಅವರ ಬಟ್ಟೆ ಕಾರ್ಖಾನೆಯಲ್ಲಿ ಬೆಂಕಿ ಆರಿಸುವ ಪಂಪು ಸುಟ್ಟುಹೋಯಿತು. ಬೆಂಕಿ ಆರಿಸಬೇಕಾದದ್ದೇ ಸುಟ್ಟರೆ ನಗಬೇಕೋ ಅಳಬೇಕೋ! ಹಾಜಿಯವರು ಎರಡನ್ನೂ ಮಾಡಲಿಲ್ಲ. ಅದೇ ಅಳತೆಯ ಹೊಸ ಪಂಪು ತರಿಸಿಟ್ಟು, 'ಸರಿಯಿದೆ' ಎಂದು ಸಹಿ ಹಾಕಲು ಇಂಜಿನಿಯರ್ ತಹಾನಿಯನ್ನು ಕರೆಸಿದರು. ಅವಳ ಅಕ್ಕ ಸನಿಯ್ಯಾ ಅಲ್ಲೇ ನಾಲ್ಕನೇ ಮಹಡಿಯಲ್ಲಿ ಕಾಜಾ ಹೊಲಿಯುವವಳು. ಅಕ್ಕನ ಕೆಲಸದ ಮುಖ ನೋಡಿಯಾದರೂ ಹುಡುಗಿ ತಕರಾರು ತೆಗೆಯಲಾರಳು ಎಂದು ಅವರ ಲೆಕ್ಕಾಚಾರ.

ತಹಾನಿ ಬಂದವಳೇ ತಕರಾರು ತೆಗೆದಳು.

"ಬೀದಿ ಕೊಳವೆಯಿಂದ ಪಂಪಿನ ಬಾಯಿಗೆ ಎಷ್ಟು ಒತ್ತಡದಲ್ಲಿ ನೀರು ಬರುತ್ತೆ ಅಂತ ನೋಡದೆ ನಾನು ಸಹಿ ಹಾಕಲ್ಲ, ಹಾಜಿ."

"ನೋಡಿದಾರಲ್ಲಮ್ಮ! ಪಂಪು ಮಾರಿದವರೇ ಮಧ್ಯಾಹ್ನ ಬಂದು ನೋಡಿದ್ರು. ಮೂರು ಬಾರ್ ಒತ್ತಡ! ಮಾಪಕದ ಮುಳ್ಳು ಅಲ್ಲೇ ಇದೆ, ಕಣ್ಣಿದ್ರೆ ನೋಡ್ಕೋ."

"ಅದು ನಿಂತ ನೀರಿನ ಒತ್ತಡ. ನೀರು ಹರಿಸಿ ನೋಡ್ಬೇಕು. ಅದೂ ಸಂಜೆ ಮಗ್ರಿಬ್ ಬಾಂಗಿಗೆ ಸ್ವಲ್ಪ ಮುಂಚೆ."

"ಉಪವಾಸ ನಿನ್ನ ತಲೆಗೇರಿದೆ. ರಂಜಾನಿನಲ್ಲಿ ಆ ಹೊತ್ತಿಗೆ ಯಾರಮ್ಮ ಕೆಲಸ ಮಾಡ್ತಾರೆ?"

"ಯಾರೂ ಮಾಡಲ್ಲ. ಅದಕ್ಕೇ ಇಲ್ಲೀವರೆಗೂ ಯಾರೂ ಅಳೆದಿಲ್ಲ."

ಮಾತು ಸುಳ್ಳಲ್ಲ. ಅಳೆಯುವವರೆಲ್ಲ ಆ ಹೊತ್ತಿಗೆ ಊಟದ ಮುಂದೆ ಕೂತು ಉಪವಾಸ ಬಿಡಲು ಹಾರಿಸುವ ತೋಪಿನ ಸದ್ದಿಗೆ ಕಿವಿ ಇಟ್ಟಿರುತ್ತಾರೆ. ಇಡೀ ಬಡಾವಣೆಯ ಅಕ್ಕಿ, ಪಾತ್ರೆ, ಕೈಕಾಲು ತೊಳೆಯುವುದೂ ಆಗಲೇ. ಪ್ರತಿ ಕಟ್ಟಡದ ಮೆಟ್ಟಿಲ ಕೆಳಗೆ ಒಂದೊಂದು ಮೋಟರು ಬೀದಿ ಕೊಳವೆಗೆ ಬಾಯಿ ಹಾಕಿ ಹೀರುತ್ತಿರುತ್ತದೆ. ಹಾಜಿಯ ತಂದೆ ಇದಕ್ಕೆಂದೇ ನೆಲದಡಿ ದೊಡ್ಡ ನೀರಿನ ತೊಟ್ಟಿ ಕಟ್ಟಿಸಿದ್ದರು. ಮಗರಾಯರು ಅದನ್ನು ಬತ್ತಿಸಿ, ಬಾಗಿಲಿಡಿಸಿ, ಬಟ್ಟೆಯ ಥಾನು ತುಂಬಿದರು. ಮೇಲೆ ಹೆಂಗಸರು ಮಾತ್ರ ಈದಿನ ಫ್ರಾಕು ಮುಗಿಯಬೇಕೆಂದು, ಬಾಂಗಾದೊಡನೆ ಬಾಯಿಗೊಂದು ಖರ್ಜೂರ ಹಾಕಿಕೊಂಡೇ ಹೊಲಿಯುತ್ತಿದ್ದರು.

"ಸಹಿ ಹಾಕದಿದ್ರೆ ಹೋಗ್ತಾ ನಿನ್ನ ಅಕ್ಕನ್ನೂ ಕರ್ಕೊಂಡು ಹೋಗು," ಎಂದು ಹಾಜಿ ಇಫ್ತಾರಿಗೆ ಪಕ್ಕದಲ್ಲೇ ಇದ್ದ ತಮ್ಮ ಮನೆಗೆ ನಡೆದರು.

ಸುದ್ದಿ ತಿಳಿದ ಸನಿಯ್ಯಾ ದಡದಡ ಇಳಿದು ಬಂದಳು. "ಏ ಹುಚ್ಚಿ, ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ್ವೆ! ಒಂದು ಗೀಟು ಎಳೆದು ಮನೆಗೆ ಹೋಗು."

"ಇನ್ನು ಸ್ವಲ್ಪ ಹೊತ್ತು ನಿಲ್ಲಕ್ಕ. ಆಮೇಲೂ ಎಳಿ ಅಂದ್ರೆ ಎಳೀತೀನಿ."

ಸಂಜೆ ಬಿಸಿಲಿಗೆ ಬೀದಿ ಕೆಂಪಾಯಿತು, ಜನ ಕರಗಿದರು. ತಹಾನಿ ಕವಾಟ ತಿರುಗಿಸಿ, ಪಂಪು ಕೇಳುವಷ್ಟು ನೀರನ್ನು ಅಂಗಳಕ್ಕೆ ಹರಿಯಬಿಟ್ಟಳು. ನೀರು ಭೋರ್ ಎಂದು ನುಗ್ಗಿತು. ಹಾಗೆ ನುಗ್ಗಿದ್ದು ಒಂದೇ ಗಳಿಗೆ. ಮುಳ್ಳು ಎರಡಕ್ಕೆ ಬಂತು, ಒಂದಕ್ಕೆ ಬಂತು, ಸೊನ್ನೆಗೆ ಒರಗಿ ನಿಂತಿತು. ಕೊಳವೆಯಿಂದ ಬೆರಳ ಗಾತ್ರದ ನೀರು ಗೊರಗೊರ ಎನ್ನುತ್ತ ಸುರಿಯಿತು.

"ಹೊಸ ಪಂಪು ಕೂರಿಸಿದ್ರೆ ಸರಿಹೋಗಲ್ವಾ?" ಸನಿಯ್ಯಾಳ ದನಿ ಇಳಿದಿತ್ತು.

"ಪಂಪು ನೀರು ಹುಟ್ಟಿಸಲ್ಲ ಅಕ್ಕ, ಬಂದ ನೀರನ್ನ ಮೇಲಕ್ಕೆ ತಳ್ಳುತ್ತೆ ಅಷ್ಟೆ. ಈಗ ಬೆಂಕಿ ಬಿದ್ರೆ ನಿಮ್ಮ ತಲೆ ಮೇಲಿನ ಕೊಳವೆಯಿಂದ ಬರೀ ಗಾಳಿ ಬರುತ್ತೆ. ಹೇಳು, ಗೀಟು ಎಳೀಲಾ?"

ಸನಿಯ್ಯಾ ನಾಲ್ಕನೇ ಮಹಡಿಯ ಕಿಟಕಿಯ ಸರಳುಗಳನ್ನೇ ನೋಡುತ್ತ ನಿಂತಳು. ಅವಳಿಗೆ ಭಯವಾಗಿತ್ತು, ಭಯಕ್ಕಿಂತ ಹೆಚ್ಚಾಗಿ ಮೈಯೆಲ್ಲ ಉರಿಯುವಂಥ ಸಿಟ್ಟು ಬಂದಿತ್ತು.

ಬಾಂಗು ಮುಗಿದ ಮೇಲೆ ಹಾಜಿ ಬಾಯಿ ಒರೆಸಿಕೊಳ್ಳುತ್ತ ಬಂದು ಮುಳ್ಳು ನೋಡಿದರು. "ವರ್ಷಕ್ಕೊಂದು ತಿಂಗಳು, ಅದರಲ್ಲೂ ಈ ಒಂದು ಹೊತ್ತು! ಇದಕ್ಕೆ ಇಷ್ಟು ರಂಪಾಟವಾ?"

"ಈ ಹೊತ್ತಲ್ಲೂ ಹೊಲಿಯೋ ಹೆಂಗಸರು ಮೇಲೇ ಇರ್ತಾರಲ್ಲ. ತೊಟ್ಟಿ ಖಾಲಿ ಮಾಡಿಸಿ ನೀರು ತುಂಬಿಸಿ, ಹಾಜಿ. ಆಗ ಸಹಿ ಹಾಕ್ತೀನಿ."

"ನನ್ನ ಥಾನುಗಳನ್ನ ಬೀದೀಲಿಡ್ಲಾ? ಸಹಿ ಹಾಕೋರು ಬೇಕಾದಷ್ಟು ಜನ ಸಿಗ್ತಾರೆ. ಇಬ್ರೂ ಹೊರಡಿ!"

ಸನಿಯ್ಯಾ ಗೇಟಿನ ಕಡೆ ಹೋಗಲಿಲ್ಲ, ಮೆಟ್ಟಿಲು ಹತ್ತಿದಳು. ಸ್ವಲ್ಪ ಹೊತ್ತಿಗೆ ಯಂತ್ರಗಳ ಸದ್ದು ಒಮ್ಮೆಗೇ ನಿಂತಿತು. ಆಮೇಲೆ ಕೇಳಿದ್ದು ಚಪ್ಪಲಿಗಳ ಸದ್ದು. ನಾಲ್ಕೂ ಮಹಡಿಯ ಹೆಂಗಸರು ಕೆಳಗಿಳಿದು, ಹಾಜಿಯನ್ನು ದಾಟಿ, ತೊಟ್ಟಿಯೊಳಗೆ ನುಗ್ಗಿದರು.

ಮೊದಲು ಹೊರಬಂದವಳು ಸನಿಯ್ಯಾ. ಹೆಗಲ ಮೇಲೆ ಗುಲಾಬಿ ಬಣ್ಣದ ಒಂದು ಥಾನಿತ್ತು.

"ಹೇಳಿ ಹಾಜಿ, ಎಲ್ಲಿ ಇಳಿಸ್ಲಿ? ಬೀದೀಲೋ, ನಿಮ್ಮ ಊಟದ ಮನೇಲೋ?"

ಅವಳ ಹಿಂದೆ ಉಳಿದವರೂ ಥಾನು ಹೊತ್ತು ಉತ್ತರಕ್ಕೆ ಕಾದು ನಿಂತಿದ್ದರು.