ವಲೇರಿಯನಣ್ಣನ ಹೆಬ್ಬೆರಳು

ಹನ್ನೊಂದು ವರ್ಷ ಸಂತೆಕಟ್ಟೆಯಲ್ಲಿ ಹೋಟೆಲುಗಳಿಗೆ ಸ್ಟೀಲಿನ ಇಡ್ಲಿ ಪೆಟ್ಟಿಗೆ ಬೆಸೆದವಳು ನಾನು. ವೆಲ್ಡಿಂಗಿನಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಕೊಬ್ಬು ಚೆನ್ನಾಗಿಯೇ ಇತ್ತು. ಮಣಿಪಾಲದ ಕಾರ್ಖಾನೆಯೊಂದಕ್ಕೆ ಟೈಟಾನಿಯಂ ಬೆಸೆಯುವವರು ಬೇಕಾಗಿದ್ದರು. ಹದಿನೈದು ದಿನ ತರಬೇತಿ, ಕೊನೆಗೊಂದು ಪರೀಕ್ಷೆ. ಪಾಸಾದರೆ ಕೆಲಸ, ಇಲ್ಲದಿದ್ದರೆ ಮತ್ತೆ ಇಡ್ಲಿ ಪೆಟ್ಟಿಗೆ.

ಕಲಿಸುವವರು ವಲೇರಿಯನಣ್ಣ, ಗಲ್ಫಿನಲ್ಲಿ ಇಪ್ಪತ್ತು ವರ್ಷ ಇದನ್ನೇ ಮಾಡಿ ಬಂದವರು. ಮೊದಲ ದಿನ ನಾನು ಎರಡು ತಗಡು ಬೆಸೆದೆ. ಬೆಸುಗೆ ನವಿಲುಗರಿಯ ನೀಲಿಗೆ ತಿರುಗಿತು. ಸ್ಟೀಲಿನಲ್ಲಿ ಇಂಥ ಬಣ್ಣ ಬಂದರೆ ಗಿರಾಕಿಗಳು ಹೊಗಳುತ್ತಾರೆ. ವಲೇರಿಯನಣ್ಣ ಸುತ್ತಿಗೆಯಿಂದ ಒಂದೇ ಪೆಟ್ಟು ಕೊಟ್ಟರು. ಹಪ್ಪಳದ ಹಾಗೆ ಮುರಿಯಿತು.

“ಇದರಲ್ಲಿ ಬಣ್ಣ ಬಂದರೆ ಕೆಟ್ಟಿತು ಅಂತ ಲೆಕ್ಕ, ಸುಭಾಷಿಣಿ. ಬೆಳ್ಳಿಯ ಹಾಗೆ ಇರಬೇಕು. ಬಿಸಿ ಇರುವಾಗ ಗಾಳಿ ತಾಗಬಾರದು. ಬೆಸೆದಾದ ಕೂಡಲೇ ವೆಲ್ಡಿಂಗ್ ಟಾರ್ಚ್ ಎತ್ತಬೇಡ, ತಣಿಯುವವರೆಗೆ ಅದರಿಂದ ಆರ್ಗಾನ್ ಗ್ಯಾಸ್ ಬೀಳಲಿ. ಅರ್ಜೆಂಟು ಎಂತಕ್ಕೆ?”

ಪರೀಕ್ಷೆಯ ಬೆಳಿಗ್ಗೆ ಉಚ್ಚಿಲ ದೇವಸ್ಥಾನದ ಗಂಧ ತಂದು ತಗಡಿಗೊಂದು ಬೊಟ್ಟು ಇಟ್ಟೆ. ದೇವರ ಪ್ರಸಾದ ಇಡದೆ ನಮ್ಮ ಮನೆಯಲ್ಲಿ ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ.

“ಮಂಡೆ ಸಮ ಉಂಟಾ ನಿನಗೆ? ಬೆರಳಿನ ಬೆವರು ತಾಗಿದರೂ ಬೆಸುಗೆ ಹಾಳು. ನೀನು ಗಂಧ ಹಚ್ಚುದಾ!”

ವಲೇರಿಯನಣ್ಣ ತರಬೇತಿಗೆ ಬಂದವರೆಲ್ಲರ ಮುಂದೆ ಬೈದು, ತಗಡನ್ನು ಕಸಿದು ಜಿಡ್ಡು ತೆಗೆಯುವ ಅಸಿಟೋನ್ ಹಾಕಿ ಒರೆಸಿದರು. ನಾನು ಸಿಟ್ಟಿನಲ್ಲಿ ಹೊರಗೆ ಹೋಗಿ ಕೈ ತೊಳೆದು, ಗ್ಲೌಸ್ ಹಾಕಿಕೊಂಡು ಬಂದೆ.

ಬೆಸುಗೆ ಬೆಳ್ಳಿಯ ಹಾಗೆಯೇ ಬಂತು, ನಡುವೆ ಒಂದು ಬೂದು ಕಲೆಯನ್ನು ಬಿಟ್ಟು. ಮ್ಯಾನೇಜರ್ ತಾರಾನಾಥರು ತಗಡನ್ನು ಯಂತ್ರಕ್ಕಿಟ್ಟು ಬಾಗಿಸಿದರು. ಕಲೆ ಇದ್ದಲ್ಲೇ ಚಟ್ಟೆಂದು ಸೀಳಿತು.

“ಗಂಧ ಒರೆಸಿದ್ದು ನೀವು!” ವಲೇರಿಯನಣ್ಣನ ಮೇಲೆ ಕೂಗಿದೆ. “ಆಮೇಲೆ ನಾನು ಬರಿಗೈಯಲ್ಲಿ ಮುಟ್ಟಲೇ ಇಲ್ಲ.”

ಅವರು ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಜೋಡಿಸಿದರು. ಕಲೆಯಲ್ಲಿ ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ. ತಮ್ಮ ಬಲಗೈಯ ಹೆಬ್ಬೆರಳನ್ನೇ ನೋಡುತ್ತ ನಿಂತರು.

“ನಾನೇ, ಮಾರಾಯ್ತಿ. ನೀನು ಹೊರಗೆ ಹೋದಾಗ ಗ್ಲೌಸ್ ತೆಗೆದು ತಗಡಿನ ಮೇಲೆ ಹೆಬ್ಬೆರಳಲ್ಲಿ ಶಿಲುಬೆ ಹಾಕಿದೆ. ಮಗಳು ಇಮೆಲ್ಡಾ ಪರೀಕ್ಷೆಗೆ ಹೊರಟರೆ ಅವಳ ಹಣೆಗೆ ಹಾಕ್ತೇನೆ. ಕೆಲಸದಲ್ಲಿ ಒಂದು ದಿನವೂ ಹಾಕಿದ್ದಿಲ್ಲ. ಇವತ್ತು ಕೈ ತನ್ನಷ್ಟಕ್ಕೆ ಹೋಯಿತು.”

ವಲೇರಿಯನಣ್ಣ ಪರೀಕ್ಷೆಯ ಹಾಳೆಯಲ್ಲಿ ‘ತಪ್ಪು ಅವಳದಲ್ಲ, ಕಲಿಸಿದವನದು’ ಎಂದು ಬರೆದು ಸಹಿ ಹಾಕಿದರು. ತಾರಾನಾಥರು ಓದಿ, ಇನ್ನೊಂದು ತಗಡು ತರಿಸಿದರು.

ವಲೇರಿಯನಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಾಚೆ ಹೋಗಿ ನಿಂತರು. ನಾನು ಅವರ ಮುಂದೆ ಹೋಗಿ ತಲೆ ತಗ್ಗಿಸಿದೆ.

“ತಗಡಿಗೆ ಬೇಡ ಮಾರಾಯ್ರೆ. ಇಲ್ಲಿ ಹಾಕಿ.”

ಅವರು ಹೆಬ್ಬೆರಳಿನಿಂದ ನನ್ನ ಹಣೆಗೆ ಶಿಲುಬೆ ಹಾಕಿದರು. ಆಮೇಲೆ ನಾನು ಬೆಸೆದ ಎರಡನೆಯ ತಗಡು ಯಂತ್ರದಲ್ಲಿ ಪೂರ್ತಿ ಬಾಗಿತು, ಎಲ್ಲಿಯೂ ಸೀಳಲಿಲ್ಲ.